ಬೀಟ್ರೂಟ್ ಪಾತಿಯ ವರದಿ

ಸೆಪ್ಟೆಂಬರ್ ೪, ಗುರುವಾರ

ಈ ಮನೆಯಲ್ಲಿ ಇನ್ನು ಬಾಯಿಬಿಟ್ಟು ಗೊಣಗುವ ಹಾಗಿಲ್ಲ. ನನ್ನ ಗಂಡನಿಗೆ ಕಣ್ಣು ಮಂಜಾದ ಮೇಲೆ ಕಿವಿ ಇಮ್ಮಡಿಯಾಗಿದೆ. ಅಡುಗೆಮನೆಯಲ್ಲಿ ನಾನೊಂದು ನಿಟ್ಟುಸಿರು ಬಿಟ್ಟರೆ ಹಿತ್ತಿಲಿನಿಂದ "ಏನಾಯ್ತೇ?" ಎಂಬ ಪ್ರಶ್ನೆ ಬರುತ್ತದೆ. ಅದಕ್ಕೇ ಬರೆಯುವ ಉಪಾಯ. ಬರೆದರೆ ಸದ್ದಾಗುವುದಿಲ್ಲ, ಓದಲು ಅವರಿಗೆ ಕಾಣುವುದೂ ಇಲ್ಲ. ಎಂಥ ಮಾತು ಬರೆದುಬಿಟ್ಟೆ! ಇರಲಿ, ಬರೆದಾಯಿತು.

ಇವತ್ತು ಕಣ್ಣಿನ ಡಾಕ್ಟರಮ್ಮನ ಹತ್ತಿರ ಹೋಗಿದ್ದೆವು. ಎಡಗಣ್ಣಿನ ಪೊರೆ ಗಟ್ಟಿಯಾಗುತ್ತಿದೆಯಂತೆ. ಬಲಗಣ್ಣು ಇವರು ಗಡಿಯಾರ ರಿಪೇರಿ ಕಲಿಯುವಾಗಲೇ ಸ್ಪ್ರಿಂಗ್ ಸಿಡಿದು ಹೋಗಿತ್ತು. ಉಳಿದ ಒಂದೇ ಕಣ್ಣಿನಲ್ಲಿ ಊರಿನವರ ಗಡಿಯಾರಗಳನ್ನೆಲ್ಲ ನೆಟ್ಟಗೆ ಮಾಡಿದ ಮನುಷ್ಯ. ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. "ಬೇರೆಯವರಿಗೆ ಇದು ಸಣ್ಣ ಆಪರೇಷನ್. ನಿಮಗಿರೋದು ಒಂದೇ ಕಣ್ಣು, ಹೆಚ್ಚುಕಮ್ಮಿ ಆದ್ರೆ ಇರೋದೂ ಹೋಗ್ಬಹುದು. ಹಾಗಂತ ಸುಮ್ಮನೆ ಬಿಟ್ರೂ ಹೋಗುತ್ತೆ. ತಡ ಮಾಡಿದಷ್ಟೂ ನನಗೆ ಕಷ್ಟ, ನಿಮಗೆ ಅಪಾಯ," ಎಂದರು.

ಇವರು, "ಬಿತ್ತನೆ ಒಂದು ಮುಗೀಲಿ ಡಾಕ್ಟ್ರೇ, ಆಮೇಲೆ ಬರ್ತೀನಿ," ಎಂದರು. ನೂರೆಕರೆಯ ಒಡೆಯನ ಗತ್ತು. ನಮಗಿರುವುದು ಹಿತ್ತಿಲಿನ ಗೋಡೆಗೂ ಬಟ್ಟೆ ಒಣಗಿಸುವ ತಂತಿಗೂ ನಡುವೆ ನಾಲ್ಕು ಪಾತಿ. ಹೆದರಿಕೆ ಎಂದು ಹೇಳಲು ನಾಚಿಕೆ, ಅದಕ್ಕೆ ಬಿತ್ತನೆಯ ನೆಪ. ಬಸ್ಸಿನಲ್ಲಿ ನಾನು ಮುಖ ತಿರುಗಿಸಿಕೊಂಡೇ ಕುಳಿತಿದ್ದೆ. ಅದು ಅವರಿಗೆ ಕಾಣಲೇ ಇಲ್ಲವಲ್ಲ ಎಂದು ಮನೆಗೆ ಬಂದ ಮೇಲೆ ಹೊಳೆಯಿತು.

ಸೆಪ್ಟೆಂಬರ್ ೭, ಭಾನುವಾರ

ಸರಿ, ಬಿತ್ತನೆಯಾದರೂ ಬೇಗ ಮುಗಿಯಲಿ ಎಂದು ನಾನೇ ಸೆರಗು ಸಿಕ್ಕಿಸಿ ಹಿತ್ತಿಲಿಗಿಳಿದೆ. ಇಷ್ಟು ವರ್ಷ ಅತ್ತ ಹೆಜ್ಜೆ ಇಟ್ಟವಳಲ್ಲ. ಬಟ್ಟೆ ಅಂಗಡಿಯವರ ಪರದೆಗಳಿಗೆ ಅಂಚು ಹೊಲಿದು ಕೊಡುವವಳು ನಾನು. ಬಿಳಿ ಬಟ್ಟೆ ಮುಟ್ಟುವ ಕೈಗೆ ಮಣ್ಣು ಹಗೆ.

ಬಿಸಿಲಿನ ಧಗೆ ಇಳಿದಿದೆ. ಬೆಳಿಗ್ಗೆ ಮಣ್ಣು ತಣ್ಣಗಿತ್ತು. ನನ್ನ ಟೇಪು ಹಿಡಿದು ಅಳೆದು, ದಾರ ಕಟ್ಟಿ, ಕಡ್ಡಿಯಲ್ಲಿ ಗೆರೆ ಎಳೆದುಕೊಟ್ಟೆ. ಇವರು ಕ್ಯಾರೆಟ್ ಬೀಜ ಬಿತ್ತುವ ಚೆಂದ ನಾನು ಹತ್ತಿರದಿಂದ ನೋಡಿದ್ದು ಇವತ್ತೇ. ಲೋಕವೆಲ್ಲ ಚಿಟಿಕೆ ಬೀಜ ತೆಗೆದು ಉದುರಿಸುತ್ತದೆ. ಇವರು ಗಡಿಯಾರದ ಚಿಮಟದಲ್ಲಿ ಒಂದೊಂದೇ ಬೀಜ ಎತ್ತಿ, ಗೆರೆಯ ಮೇಲೆ ಕೂರಿಸಿ, ಬೆರಳ ತುದಿಯಿಂದ ಮಣ್ಣು ಮುಚ್ಚುತ್ತಾರೆ. "ಹೀಗೆ ಬಿತ್ತಿದ್ರೆ ಆಮೇಲೆ ಒತ್ತಾಗಿ ಬಂದ ಸಸಿ ಕೀಳೋ ಕೆಲಸಾನೇ ಇರಲ್ಲ," ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕತ್ತು ಬಗ್ಗಿಸಿ ಮೂಗು ಮಣ್ಣಿಗೆ ತಾಗುವಷ್ಟು ಹತ್ತಿರ ಹೋಗಿ ಬಿತ್ತುತ್ತಿದ್ದರು.

ಎರಡನೆಯ ಪಾತಿಗೆ ಬೀಟ್ರೂಟ್, ಮೂರನೆಯದಕ್ಕೆ ಮೂಲಂಗಿ, ಗೋಡೆಯ ಬದಿಗೆ ಬಟಾಣಿ. ಸೊಂಟ ಬಿದ್ದುಹೋಯಿತು.

ಸೆಪ್ಟೆಂಬರ್ ೧೨, ಶುಕ್ರವಾರ

ಮಗಳು ಬಂದಿದ್ದಳು, ಬಸ್ಸಿನ ಡ್ಯೂಟಿ ಮುಗಿಸಿ ಚಾಲಕಿಯ ಸಮವಸ್ತ್ರದಲ್ಲೇ. ಅಪ್ಪನ ಎದುರು ಕುರ್ಚಿ ಎಳೆದುಕೊಂಡು ಕುಳಿತಳು.

"ಬಿತ್ತನೆ ಮುಗೀತಲ್ಲಪ್ಪ, ಆಪರೇಷನ್‌ಗೆ ಡೇಟ್ ತಗೊಳ್ಳಲಾ?"

"ಮೊಳಕೆ ಬರಲಿ ಇರೇ. ಮೊಳಕೆ ಬರೋ ಹೊತ್ತಲ್ಲಿ ನೀರು ತಪ್ಪಿದ್ರೆ ಎಲ್ಲಾ ಹಾಳು."

"ನೀರು ಅಮ್ಮ ಹಾಕ್ತಾಳೆ."

"ನಿಮ್ಮಮ್ಮ ನೀರು ಹಾಕೋದು ನೋಡಿದ್ದೀಯಾ? ಬೀಜ ತೇಲ್ಕೊಂಡು ಪಕ್ಕದ ಮನೆ ಸೇರುತ್ತೆ."

"ನಾಳೆ ಅಂದವನ ಮನೆ ಹಾಳು ಅಂತಾರೆ, ಗೊತ್ತಿರಲಿ," ಎಂದು ನಾನೂ ಸೇರಿಸಿದೆ. ಇವರು ಕೇಳಿಸದವರ ಹಾಗೆ ಚಹಾ ಹೀರಿದರು. ಕಿವಿ ಯಾವಾಗ ಕೆಲಸ ಮಾಡಬೇಕು, ಯಾವಾಗ ಬೇಡ ಎಂಬುದು ಅವರ ಕಿವಿಗೆ ಚೆನ್ನಾಗಿ ಗೊತ್ತು.

ಸೆಪ್ಟೆಂಬರ್ ೧೯, ಶುಕ್ರವಾರ

ಕ್ಯಾರೆಟ್ ಎದ್ದಿದೆ. ಗೆರೆ ನನ್ನದು, ನೆಟ್ಟಗಿದೆ. ಆದರೆ ಒಂದು ಕಡೆ ಐದಾರು ಸಸಿ ಕಚ್ಚಾಡಿಕೊಂಡು ನಿಂತಿವೆ, ಆಚೆ ಗೇಣುದ್ದ ಖಾಲಿ, ಮತ್ತೆ ಒಂದು ಗುಂಪು. ಅಂದರೆ ಚಿಮಟದಲ್ಲಿ ಬೀಜ ಇದೆಯೋ ಇಲ್ಲವೋ ಎಂಬುದೇ ಇವರಿಗೆ ಕಂಡಿಲ್ಲ. ಡಾಕ್ಟರಮ್ಮನ ಎದುರು "ಸ್ವಲ್ಪ ಮಂಜು ಮಂಜು" ಎಂದರಲ್ಲ, ಅಷ್ಟೇ ಅಲ್ಲ ಇದು.

ಸಂಜೆ ಇವರು ಹಿತ್ತಿಲಿನ ಮೆಟ್ಟಿಲ ಮೇಲೆ ಕುಳಿತು, "ಹೇಗೆ ಬಂದಿದೆ, ಹೇಳು," ಎಂದರು.

"ಬಂದಿದೆ."

"ಬಂದಿದೆ ಅಂದ್ರೆ? ರೇಡಿಯೋದವರು ಪಂದ್ಯ ಹೇಳ್ದಂಗೆ ಹೇಳೇ. ಎಲೆ ಎಷ್ಟು ಬಿಟ್ಟಿದೆ, ಬಣ್ಣ ಹೇಗಿದೆ."

ಹೇಳಿದೆ. ಮೂಲಂಗಿಗೆ ಎರಡು ಎಲೆ, ಹೃದಯದ ಆಕಾರ. ಬೀಟ್ರೂಟಿನ ದಂಟು ಕೆಂಪು ನೂಲಿನ ಹಾಗೆ. ಬಟಾಣಿ ತಲೆ ಬಗ್ಗಿಸಿಕೊಂಡು ಮಣ್ಣು ದೂಡಿ ಬರುತ್ತಿದೆ. ಇವರು ತಲೆದೂಗುತ್ತಾ ಕೇಳಿದರು. ಕ್ಯಾರೆಟ್ಟಿನ ಗುಂಪಿನ ವಿಷಯವನ್ನೂ ಹೇಳಿದೆ. ಇವರು ಕೈಗಳನ್ನು ಮೊಣಕಾಲ ನಡುವೆ ಇಟ್ಟುಕೊಂಡು ಕತ್ತಲಾಗುವ ತನಕ ಅಲ್ಲೇ ಕುಳಿತರು. ಆಮೇಲೆ ಊಟವೂ ಸೇರಲಿಲ್ಲ.

ಇನ್ನು ಮೇಲೆ ಯೋಚಿಸಿ ಹೇಳಬೇಕು.

ಸೆಪ್ಟೆಂಬರ್ ೨೬, ಶುಕ್ರವಾರ

ಸಂಜೆಯ ವರದಿ ಈಗ ಪದ್ಧತಿಯೇ ಆಗಿಬಿಟ್ಟಿದೆ. ಕೈ ತೊಳೆದು ಬಂದರೆ ಸಾಕು, "ವರದಿ ಶುರುವಾಗಲಿ," ಎನ್ನುತ್ತಾರೆ. ಹಗಲೆಲ್ಲ ಹೊಲಿಗೆ ಯಂತ್ರ ತುಳಿಯುವಾಗ, ಇವತ್ತು ಏನು ಹೇಳಲಿ, ಯಾವುದರಿಂದ ಶುರು ಮಾಡಲಿ ಎಂದು ಯೋಚಿಸುತ್ತಿರುತ್ತೇನೆ. ನಿನ್ನೆ ಪರದೆಯ ಅಂಚನ್ನು ತಿರುವುಮುರುವು ಹೊಲಿದು ಬಿಚ್ಚಬೇಕಾಯಿತು.

ಮದುವೆಯಾದಂದಿನಿಂದ ನಾನು ನೋಡಿದ್ದು ಇವರ ಬೆನ್ನನ್ನು. ಗಡಿಯಾರದ ಅಂಗಡಿಯಲ್ಲಿ ಮೇಜಿನ ಮೇಲೆ ಬಾಗಿದ ಬೆನ್ನು, ಮನೆಗೆ ಬಂದ ಮೇಲೂ ಕಿಟಕಿಯ ಬಳಿಯ ಪುಟ್ಟ ಮೇಜಿಗೆ ಬಾಗಿದ ಬೆನ್ನು. ಏನಾದರೂ ಹೇಳಿದರೆ "ಹ್ಞೂಂ" ಎನ್ನುತ್ತಿತ್ತು ಬೆನ್ನು. ಒಮ್ಮೆ ಸಿಟ್ಟಿಗೆ, "ಮನೆಗೆ ಬೆಂಕಿ ಬಿದ್ದಿದೆ," ಎಂದಿದ್ದೆ. ಅದಕ್ಕೂ "ಹ್ಞೂಂ." ಈಗ ನಾನು ಮಾತಾಡಿದರೆ ಇಡೀ ಮುಖ ನನ್ನ ಕಡೆಗೆ ತಿರುಗುತ್ತದೆ. ಎಲೆಯ ಬಣ್ಣ ಹೇಳಿದರೆ ಹುಬ್ಬು ಏರಿಸುತ್ತಾರೆ, ಹುಳದ ಸುದ್ದಿ ಹೇಳಿದರೆ ತುಟಿ ಕಚ್ಚುತ್ತಾರೆ. ಇವರ ಗಲ್ಲದಲ್ಲಿ ಒಂದು ಸಣ್ಣ ಕುಳಿ ಬೀಳುತ್ತದೆ. ಅದು ಮೊದಲಿನಿಂದಲೂ ಇತ್ತೇ?

ಡೇಟಿನ ವಿಷಯ ಮಗಳು ಫೋನಿನಲ್ಲಿ ಕೇಳಿದಳು. "ವಿಚಾರಿಸೋಣ," ಎಂದೆ.

ಸೆಪ್ಟೆಂಬರ್ ೩೦, ಮಂಗಳವಾರ

ಅನಾಹುತ. ಪರದೆ ಕೊಟ್ಟು ಬರಲು ಅಂಗಡಿಗೆ ಹೋಗಿದ್ದೆ. ಬರುವಷ್ಟರಲ್ಲಿ ಇವರು ಹಿತ್ತಿಲಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಹಣೆಯ ಬೆವರು ಒರೆಸಿಕೊಳ್ಳುತ್ತಾ ನಗುತ್ತಿದ್ದರು. "ಬಂದ್ಯಾ? ಬೀಟ್ರೂಟ್ ಪಾತಿ ಕಳೆ ಪೂರ್ತಿ ಕಿತ್ತೆ ನೋಡು. ಕಣ್ಣು ಯಾಕೆ ಬೇಕು, ಬೆರಳಿಗೇ ಗೊತ್ತಾಗುತ್ತೆ."

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಗಿತ್ತು. ಪಾತಿಯಲ್ಲಿ ಅಲ್ಲಲ್ಲಿ ಕಳೆ ನಿಂತಿತ್ತು, ಪಕ್ಕದ ಗುಡ್ಡೆಯಲ್ಲಿ ಬೀಟ್ರೂಟ್ ಸಸಿಗಳೆಲ್ಲ ಬೇರು ಮೇಲೆ ಮಾಡಿ ಬಿದ್ದಿದ್ದವು. ಕೆಂಪು ದಂಟು ಆಗಲೇ ಬಾಡಿತ್ತು.

"ಹೇಗಿದೆ?" ಎಂದರು. ಮುಖ ನನ್ನ ಕಡೆಗಿತ್ತು. ಬಹಳ ದಿನದ ಮೇಲೆ ಗೆದ್ದವರ ಮುಖ.

"ಲಕ್ಷಣವಾಗಿದೆ ರೀ. ಬಾಚಿದ ತಲೆ ಥರ," ಎಂದೆ.

ಹೇಳಿಬಿಟ್ಟೆ. ಏನು ಮಾಡಲಿ? ಕ್ಯಾರೆಟ್ಟಿನ ನಿಜ ಹೇಳಿದ ಸಂಜೆ ಕಣ್ಣೆದುರಿಗೇ ಇತ್ತು.

ಅಕ್ಟೋಬರ್ ೨, ಗುರುವಾರ

ತರಕಾರಿಗೆಂದು ಹೇಳಿ ನರ್ಸರಿಗೆ ಹೋಗಿ ಬೀಟ್ರೂಟ್ ಸಸಿ ತಂದೆ. "ಕಿತ್ತು ನೆಟ್ರೆ ಇದು ಮುನಿಸ್ಕೊಳ್ಳುತ್ತೆ ಅಮ್ಮ, ಬೇರು ಅಲುಗಿಸ್ಬೇಡಿ," ಎಂದ ನರ್ಸರಿಯವನು. ಇವರು ಮಧ್ಯಾಹ್ನ ಮಲಗಿದ್ದಾಗ ಕಳ್ಳಿಯ ಹಾಗೆ ಚಪ್ಪಲಿ ಬಿಟ್ಟು ಹೋಗಿ ಕಳೆ ಕಿತ್ತು, ಸಸಿ ನೆಟ್ಟೆ. ಮುನಿಸಿಕೊಳ್ಳುವವರನ್ನು ಸಂಭಾಳಿಸಿ ನನಗೆ ಅಭ್ಯಾಸವಿದೆ.

ಅಕ್ಟೋಬರ್ ೫, ಭಾನುವಾರ

ಬಸವನಹುಳು. ಒಂದೂ ಉಳಿದಿಲ್ಲ. ಪಾತಿಯ ತುಂಬ ಬೆಳ್ಳಿಯ ಗೆರೆ ಬಿಟ್ಟು ಹೋಗಿವೆ, ರಸೀದಿ ಕೊಟ್ಟ ಹಾಗೆ.

ಸಂಜೆಯ ವರದಿಯಲ್ಲಿ ಬೀಟ್ರೂಟಿಗೆ ನಾಲ್ಕನೆಯ ಎಲೆ ಬಂದಿದೆ ಎಂದೆ. "ಬಸವನಹುಳುವಿಗೆ ಔಷಧಿ ಹಾಕಿದೀನಿ, ಆ ಪಾತಿ ಮಾತ್ರ ಮುಟ್ಬೇಡಿ," ಎಂದೂ ಸೇರಿಸಿದೆ.

ಅಕ್ಟೋಬರ್ ೧೦, ಶುಕ್ರವಾರ

ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಎನ್ನುತ್ತಾರೆ. ಆದರೆ ಇಷ್ಟು ಚೆನ್ನಾಗಿ ಹೇಳಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಮೂಲಂಗಿಯ ವರದಿ ಎರಡು ಮಾತಿನಲ್ಲಿ ಮುಗಿಯುತ್ತದೆ. ಅದು ಇರುವುದೇ ಹಾಗೆ, ಹಸಿರು, ಒರಟು. ಬೀಟ್ರೂಟಿಗೆ ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ. ಎಲೆಯ ನರಗಳಲ್ಲಿ ಕೆಂಪು ಹರಿದಿದೆ ಎಂದೆ. ಸಂಜೆಯ ಬಿಸಿಲು ಹಿಂದಿನಿಂದ ಬಿದ್ದಾಗ ಎಲೆ ಹೊತ್ತಿಕೊಂಡ ಹಾಗೆ ಕಾಣುತ್ತದೆ ಎಂದೆ. ಬುಡದಲ್ಲಿ ಗಡ್ಡೆಯ ಭುಜ ಇಣುಕುತ್ತಿದೆ ಎಂದೆ. ಅದು ಇನ್ನೂ ಬೇಗವಾಯಿತೇನೋ, ಇವರು "ಇಷ್ಟು ಬೇಗಾನಾ?" ಎಂದು ಬಾಯಿ ತೆರೆದರು. "ನಿಮ್ಮ ಕೈಗುಣ," ಎಂದೆ. ಕುಳಿ ಬಿತ್ತು ಗಲ್ಲದಲ್ಲಿ.

ಅಕ್ಟೋಬರ್ ೧೩, ಸೋಮವಾರ

ಮಗಳು ಬಂದು, ಮುಂದಿನ ವಾರ ಆಸ್ಪತ್ರೆಯಲ್ಲಿ ಜಾಗ ಇದೆಯಂತೆ ಎಂದಳು. ಮುಂದಿನ ವಾರ ಹೇಗಾಗುತ್ತದೆ? ಬಟಾಣಿಗೆ ಕೋಲು ನೆಟ್ಟು ದಾರ ಕಟ್ಟಬೇಕು. ಕ್ಯಾರೆಟ್ಟಿಗೆ ಮಣ್ಣು ಏರಿಸಬೇಕು. ಅದೂ ಅಲ್ಲದೆ ಋತು ಬದಲಾಗುವ ಹೊತ್ತು, ಆಸ್ಪತ್ರೆಯ ತುಂಬ ಕೆಮ್ಮು ನೆಗಡಿಯವರು. ಇದನ್ನೇ ಹೇಳಿದೆ.

"ಅಮ್ಮಾ, ಅಪ್ಪನ ಹತ್ರ ಟ್ಯೂಷನ್ ತಗೊಂಡ್ಯಾ?" ಎಂದಳು.

ಎಷ್ಟು ಉದ್ಧಟತನ! ಹೆತ್ತವಳಿಗೆ ಹೇಳುವ ಮಾತೇ ಇದು? ನಾಲ್ಕು ದಿನ ಮುಂದೆ ಹಾಕಿದರೆ ಆಕಾಶ ಕಳಚಿ ಬೀಳುವುದಿಲ್ಲ. ಇವರು ನಡುವೆ ಬಾಯಿ ಹಾಕಲೇ ಇಲ್ಲ, ನಾವಿಬ್ಬರು ಮಾತಾಡುವುದನ್ನು ತಲೆ ವಾಲಿಸಿ ಕೇಳುತ್ತಾ ಕುಳಿತಿದ್ದರು.

ಅಕ್ಟೋಬರ್ ೧೫, ಬುಧವಾರ

ಮಧ್ಯಾಹ್ನ ಊಟಕ್ಕೆ ಕುಳಿತಾಗ, "ಕತ್ತಲಾಗಿದೆ, ಲೈಟ್ ಹಾಕೇ," ಎಂದರು. ಕಿಟಕಿಯಿಂದ ಬಿಸಿಲು ಅವರ ತಟ್ಟೆಯ ಮೇಲೇ ಬಿದ್ದಿತ್ತು.

ಎದ್ದು ಹೋಗಿ ಸ್ವಿಚ್ ಒತ್ತಿದೆ, ಸದ್ದು ಕೇಳಲಿ ಎಂದು. "ಹ್ಞಾ, ಈಗ ಸರಿ," ಎಂದರು.

ಅದನ್ನು ಸಂಜೆಯವರೆಗೂ ಆರಿಸಲಿಲ್ಲ.

ಅಕ್ಟೋಬರ್ ೧೭, ಶುಕ್ರವಾರ

ಇವರೇ ಮಗಳಿಂದ ಆಸ್ಪತ್ರೆಗೆ ಫೋನು ಮಾಡಿಸಿ ಡೇಟ್ ತೆಗೆದುಕೊಂಡಿದ್ದಾರೆ. ಬರುವ ಗುರುವಾರ.

"ಬಟಾಣಿ?" ಎಂದೆ.

"ಬಟಾಣಿ ತಾನಾಗೇ ಹತ್ತುತ್ತೆ."

"ಇಷ್ಟು ದಿನ ಬೇಡ ಅಂದವರು ಈಗ ಏನು ಅವಸರ? ಒಂದೇ ಕಣ್ಣು ರೀ ಅದು. ಹೆಚ್ಚುಕಮ್ಮಿ ಆದ್ರೆ?"

"ಹೆದರಿಕೆ ಆಗುತ್ತೆ ಕಣೆ. ಈಗಲೂ ಆಗುತ್ತೆ," ಎಂದರು. ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. "ಮೊದಮೊದಲು ಅನ್ನಿಸ್ತಿತ್ತು, ಇನ್ನು ನೋಡೋದು ಏನಿದೆ, ಎಲ್ಲಾ ನೋಡಿದ್ದಾಯ್ತು ಅಂತ. ಈಗ ನೀನು ದಿನಾ ಹೇಳ್ತೀಯಲ್ಲ, ಆ ಬೀಟ್ರೂಟ್ ಪಾತಿ, ಎಲೆ ಹೊತ್ಕೊಂಡ ಹಾಗೆ ಇದೆ ಅಂತ. ಅದನ್ನ ಒಂದ್ಸಲ ನೋಡ್ಬೇಕು. ಕಿತ್ತು ತಿನ್ನೋದ್ರೊಳಗೆ ನೋಡ್ಬೇಕು. ಅದಕ್ಕೇ."

ನಾನು ಒಳಗೆ ಹೋಗಿ ಯಂತ್ರದ ಮುಂದೆ ಕುಳಿತೆ. ಬಟ್ಟೆ ಇರಲಿಲ್ಲ, ಸುಮ್ಮನೆ ತುಳಿದೆ.

ಅಕ್ಟೋಬರ್ ೧೯, ಭಾನುವಾರ

ಇಲ್ಲದ ಪಾತಿಯನ್ನು ನೋಡಲು ಈ ಮನುಷ್ಯ ಇರುವ ಒಂದು ಕಣ್ಣನ್ನು ಕತ್ತಿಗೆ ಒಡ್ಡಲು ಹೊರಟಿದ್ದಾರೆ. ಈಗ ನಿಜ ಹೇಳಿದರೆ ಎದ್ದ ಧೈರ್ಯ ಕುಸಿದು ಕೂರುತ್ತದೆ. ಹೇಳದಿದ್ದರೆ, ಕಣ್ಣು ಬಂದು ಮೊದಲು ಕಾಣುವುದು ನನ್ನ ಸುಳ್ಳು. ಕಣ್ಣು ಬಾರದಿದ್ದರೆ? ಅದನ್ನು ಬರೆಯಲಾರೆ.

ಬೆಳಿಗ್ಗೆ ಎರಡು ಸಲ ಹೇಳಲು ಹೋದೆ. ಒಮ್ಮೆ ಇವರು ಶೇವ್ ಮಾಡಿಕೊಳ್ಳುತ್ತಿದ್ದರು, ಕೆನ್ನೆ ಕೊಯ್ದುಕೊಂಡಾರೆಂದು ಬಿಟ್ಟೆ. ಇನ್ನೊಮ್ಮೆ, "ರೀ," ಎಂದೆ. "ಏನು?" ಎಂದು ಮುಖ ತಿರುಗಿಸಿದರು. "ಚಹಾ ಬೇಕಾ?" ಎಂದೆ.

ಮಗಳಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಖಾಲಿ ಪಾತಿಯನ್ನು ಹೋಗಿ ನೋಡಿ ಬಂದು, "ಗುರುವಾರದ ತನಕ ಬಾಯಿಗೆ ಬೀಗ ಹಾಕ್ಕೋ ಅಮ್ಮ," ಎಂದಳು. ಅಷ್ಟೇ. ಹೋಗುವಾಗ ನನ್ನ ಬೆನ್ನು ಸವರಿ ಹೋದಳು.

ಅಕ್ಟೋಬರ್ ೨೩, ಗುರುವಾರ

ಆಸ್ಪತ್ರೆಯ ಕಾರಿಡಾರಿನಲ್ಲಿ ಬರೆಯುತ್ತಿದ್ದೇನೆ. ಇವರನ್ನು ಒಳಗೆ ಕರೆದುಕೊಂಡು ಹೋದರು. ಬಾಗಿಲ ಬಳಿ ನಿಂತು, "ಬೀಟ್ರೂಟಿಗೆ ನೀರು ಹಾಕಿ ಬಂದ್ಯಾ?" ಎಂದರು. "ಹಾಕಿದೀನಿ," ಎಂದೆ. ನಿಜಕ್ಕೂ ಹಾಕಿದ್ದೆ. ಬೆಳಿಗ್ಗೆ ಎದ್ದು ಖಾಲಿ ಮಣ್ಣಿಗೆ ನೀರು ಹೊಯ್ದು ಬಂದೆ. ಹುಚ್ಚು ಹಿಡಿದಿದೆ ನನಗೆ.

ಹೋಗಲಿ, ಇವರು ನೋಡಲಿ. ಬೈಯಲಿ, ಮಾತು ಬಿಡಲಿ, ಮತ್ತೆ ಬೆನ್ನು ತಿರುಗಿಸಿಯೇ ಕೂರಲಿ. ಕಣ್ಣು ಬರಲಿ.

ಅಕ್ಟೋಬರ್ ೨೪, ಶುಕ್ರವಾರ

ಬಂತು. ಡಾಕ್ಟರಮ್ಮ ಪಟ್ಟಿ ಬಿಚ್ಚಿದರು. ಇವರು ರೆಪ್ಪೆ ಬಡಿದು ಬಡಿದು, ಗೋಡೆ ನೋಡಿದರು, ಡಾಕ್ಟರಮ್ಮನನ್ನು ನೋಡಿದರು, ನನ್ನ ಕೈ ನೋಡಿದರು. "ಏನೇ ಇದು, ಉಗುರೊಳಗೆಲ್ಲ ಮಣ್ಣು!" ಎಂದರು.

ನಾನು ಎಲ್ಲರೆದುರಿಗೇ ಅತ್ತುಬಿಟ್ಟೆ. ಮಗಳೂ ಅತ್ತಳು.

ಅಕ್ಟೋಬರ್ ೨೫, ಶನಿವಾರ

ಕಪ್ಪು ಕನ್ನಡಕ ಹಾಕಿಸಿ ಮನೆಗೆ ಕರೆತಂದೆವು. ಒಳಗೆ ಬಂದವರೇ ನೇರ ಹಿತ್ತಿಲಿಗೆ ಹೊರಟರು. ನಾನೂ ಹಿಂದೆ ಹೋದೆ.

ಬಟಾಣಿ ನೋಡಿದರು, ಮೂಲಂಗಿ ನೋಡಿದರು, ಗುಂಪುಗುಂಪಾದ ಕ್ಯಾರೆಟ್ ನೋಡಿ ತಮ್ಮಷ್ಟಕ್ಕೇ ನಕ್ಕರು. ಆಮೇಲೆ ಎರಡನೆಯ ಪಾತಿಯ ಮುಂದೆ ನಿಂತರು. ಒದ್ದೆ ಮಣ್ಣು, ಅದರ ಮೇಲೆ ಏನೂ ಇಲ್ಲ.

"ನೀವು ಕಳೆ ಕಿತ್ರಲ್ಲ, ಅವತ್ತು ಕಿತ್ತಿದ್ದು ಬೀಟ್ರೂಟ್. ಮತ್ತೆ ನೆಟ್ಟೆ, ಹುಳ ತಿಂದ್ವು. ನಾನು ಹೇಳಿದ್ದೆಲ್ಲ ಸುಳ್ಳು," ಎಂದೆ.

ಇವರು ತಿರುಗಲಿಲ್ಲ. "ಕಾಣಲ್ಲ ಅಂತ ಆಟ ಆಡಿಸಿದ್ಯಾ ನನ್ನ?"

"ಆಟ ಅಲ್ಲ ರೀ. ನೀವು ನನ್ನ ಕಡೆ ಮುಖ ಮಾಡಿ ಕೂತ್ಕೋತಿದ್ರಿ. ನಿಮ್ಮನ್ನ ನಗಿಸೋಕೆ ಅಂತ ಶುರು ಮಾಡಿದ್ದು, ಆಮೇಲೆ ನನಗೇ ನಿಲ್ಲಿಸೋಕೆ ಆಗ್ಲಿಲ್ಲ. ಕಣ್ಣು ಬಂದ್ರೆ ಮತ್ತೆ ಬೆನ್ನು ಹಾಕ್ತೀರಿ ಅಂತ ಆಪರೇಷನ್ನೂ ಮುಂದೆ ಹಾಕೋಕೆ ನೋಡ್ದೆ."

ಬಾಯಿಂದ ಬಿದ್ದ ಮೇಲೆಯೇ ಗೊತ್ತಾಯಿತು, ಅದು ಹಾಗೇ ಇತ್ತು ಎಂದು.

ಇವರು ಒಳಗೆ ಹೋಗಿ ಮಲಗಿದರು.

ಅಕ್ಟೋಬರ್ ೨೮, ಮಂಗಳವಾರ

ಔಷಧಿ ಹಾಕಿಸಿಕೊಳ್ಳುತ್ತಾರೆ, ಊಟ ಮಾಡುತ್ತಾರೆ. ಮಾತಿಲ್ಲ.

ನವೆಂಬರ್ ೩, ಸೋಮವಾರ

ಗಡಿಯಾರದ ಸಣ್ಣ ಕೆಲಸ ಇನ್ನೂ ಮಾಡಕೂಡದು, ಧೂಳು ಕೂಡದು ಎಂದಿದ್ದಾರೆ ಡಾಕ್ಟರಮ್ಮ. ಆದರೂ ಬೆಳಿಗ್ಗೆ ಬಾಗಿಲು ತೆರೆದು ನೋಡಿಯಾದರೂ ಬರುತ್ತೇನೆ ಎಂದು ಅಂಗಡಿಗೆ ಹೊರಟರು. ಹೊರಟಿದ್ದನ್ನು ಹೇಳಿದ್ದು ಕೂಡ ಬಾಗಿಲಿಗೆ, ನನಗಲ್ಲ. ಬೀದಿಯ ತಿರುವಿನ ತನಕ ಆ ಬೆನ್ನನ್ನು ನೋಡಿದೆ. ಸರಿ, ಇದು ನನಗೆ ಹೊಸದಲ್ಲ. ನಾನೇ ಕೇಳಿಕೊಂಡದ್ದು, ಕಣ್ಣು ಬರಲಿ ಸಾಕು ಎಂದು. ಸಾಕು ಎನ್ನುವುದು ಸುಲಭ. ಪರದೆ ಹೊಲಿಯುತ್ತಾ ಹೊಲಿಯುತ್ತಾ ಬಿಳಿ ಬಟ್ಟೆಯ ಮೇಲೆ ಕಣ್ಣೀರು ಬಿತ್ತು, ಒರೆಸಿದೆ.

ಸಂಜೆ ಬಂದರು. ಕೈಕಾಲು ತೊಳೆದರು. ನಾನು ಅಡುಗೆಮನೆಯಲ್ಲಿದ್ದೆ. ಹಿತ್ತಿಲಿನ ಮೆಟ್ಟಿಲಿಂದ ದನಿ ಬಂತು, "ಎಲ್ಲಿ ಇವತ್ತಿನ ವರದಿ?"

ಹೋಗಿ ಬಾಗಿಲಲ್ಲಿ ನಿಂತೆ. ಇವರು ಪಾತಿಗಳಿಗೆ ಬೆನ್ನು ಮಾಡಿ, ನನ್ನ ಕಡೆ ಮುಖ ಮಾಡಿ ಕುಳಿತಿದ್ದರು.

"ನಿಮಗೇ ಕಾಣುತ್ತಲ್ಲ," ಎಂದೆ.

"ಕಾಣುತ್ತೆ. ಆದ್ರೂ ಹೇಳು."

ಸೆರಗಿಗೆ ಕೈ ಒರೆಸಿಕೊಂಡು ಪಕ್ಕದಲ್ಲಿ ಕುಳಿತೆ. ಬೀಟ್ರೂಟ್ ಪಾತಿಯಿಂದಲೇ ಶುರು ಮಾಡಿದೆ. ಅಲ್ಲಿ ಏನೂ ಇಲ್ಲ ಎಂದೆ.